ಯಾರ್ಯಾರದೋ ಮರಳು

ಷಡ್ಡಕನ ನೀಲಿ ಸೂಟ್‌ಕೇಸು ನಡುಮನೆಯಲ್ಲಿ ನಿಂತಿತ್ತು, ಷಡ್ಡಕನ ಹಾಗೆಯೇ ಹೊಟ್ಟೆ ಮುಂದೆ ಮಾಡಿಕೊಂಡು. ಒಂದು ಚಕ್ರ ಕಿತ್ತುಹೋಗಿ ಪಕ್ಕಕ್ಕೆ ವಾಲಿದ್ದರೂ ಆ ಮನೆಯಲ್ಲಿ ಅಷ್ಟು ಧಿಮಾಕಿನಿಂದ ನಿಂತ ಸಾಮಾನು ಬೇರೊಂದಿರಲಿಲ್ಲ. ಅದರ ಆಚೆಗೆ, ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಷಡ್ಡಕ ಕೂತಿದ್ದ. ಈಚೆಗೆ ಚಾಪೆಯ ಮೇಲೆ ಮನೆಯ ಯಜಮಾನ. ತನ್ನ ಮನೆಯಲ್ಲೇ ಕತ್ತೆತ್ತಿ ಮಾತಾಡಬೇಕಾಗಿ ಬಂದ ಗಂಡಸಿನ ಹೊಟ್ಟೆಯೊಳಗೆ ಏನು ಬೇಯುತ್ತಿರುತ್ತದೆ ಎಂಬುದು ಕುರ್ಚಿಯಲ್ಲಿ ಕೂತವರಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಯಜಮಾನನಿಗೆ ಬಸ್ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲ ಕೆಳಗೊಂದು ಗೂಡಂಗಡಿ. ಸೂಟ್‌ಕೇಸು, ಬ್ಯಾಗು ರಿಪೇರಿ. ಹೋಗಿಬರುವವರ ಚಕ್ರ, ಜಿಪ್ಪು, ಹಿಡಿ, ಬೀಗ ಸರಿಮಾಡುತ್ತಾ ಹದಿನಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತವನು. ಜನ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಜನ ಹಾಗೆಂದರೆ ಅವನಿಗೆ ಹೆಮ್ಮೆ. ಅದೇ ಮಾತನ್ನು ಹೆಂಡತಿಯ ಅಕ್ಕನ ಗಂಡ, ವಿಮಾ ಕಚೇರಿಯ ಆಫೀಸರು, ಬಾಯಿತುಂಬ ನಗುತ್ತಾ ಅಂದರೆ ಮೈಯೆಲ್ಲ ಮೆಣಸಿನಕಾಯಿ ಹಚ್ಚಿದಂತಾಗುತ್ತಿತ್ತು.

"ಏನ್ ಮೇಸ್ತ್ರಿ, ಇದಕ್ಕೊಂದು ಗತಿ ಕಾಣಿಸ್ತೀರಾ? ಶನಿವಾರ ಹೊರಡ್ತಿದೀವಿ. ನಾಲ್ಕು ದಿನ. ಮೊದ್ಲು ಸಮುದ್ರ, ಆಮೇಲೆ ಹಳೇ ಅರಮನೆ, ಮ್ಯೂಸಿಯಮ್ಮು."

"ಇಟ್ಟು ಹೋಗಿ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಮೊಬೈಲು ಹಿಡಿದು ಹೋದ ವರ್ಷದ ಪ್ರವಾಸದ ಫೋಟೋಗಳನ್ನು ತಂಗಿಗೆ ತೋರಿಸುತ್ತಿದ್ದಳು. ಆಕೆಯ ಮಗಳು ಬೇಬಿ, ಮೇಸ್ತ್ರಿಯ ಮಗಳ ಕ್ಲಾಸಿನವಳೇ, ಪಕ್ಕದಲ್ಲಿ ನಿಂತು, ತಾನೇ ಇರುವ ಫೋಟೋಗಳನ್ನು ನೋಡಿ ಆಕಳಿಸುತ್ತಿದ್ದಳು. ಮೇಸ್ತ್ರಿಯ ಮಗಳು ಮಾತ್ರ ದೊಡ್ಡಮ್ಮನ ಭುಜದ ಮೇಲಿಂದ ಬಗ್ಗಿ, ಉಸಿರು ಬಿಗಿಹಿಡಿದು, ಒಂದೊಂದನ್ನೂ ನುಂಗುವ ಹಾಗೆ ನೋಡುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ, ತೆಳ್ಳಗೆ ಉದ್ದಕ್ಕೆ ಬೆಳೆದದ್ದಕ್ಕೆ ಎಲ್ಲರ ಬಾಯಲ್ಲೂ ಅವಳ ಹೆಸರು ಕಡ್ಡಿ. ಮಗಳು ಹಾಗೆ ಬಗ್ಗಿದ್ದನ್ನು ಮೇಸ್ತ್ರಿ ಚಾಪೆಯ ಮೇಲಿಂದಲೇ ಕಂಡ. ಇನ್ನೊಬ್ಬನ ಜೇಬಿನಿಂದ ಬಂದ ಸಮುದ್ರಕ್ಕೆ ತನ್ನ ಮಗಳು ಬಾಯಿ ಬಿಟ್ಟುಕೊಂಡು ನಿಂತಿದ್ದಾಳಲ್ಲ... ಅವನು ಮುಖ ತಿರುಗಿಸಿದ.

"ಮಕ್ಕಳಿಗೆ ಪ್ರಪಂಚ ತೋರಿಸ್ಬೇಕು ಕಣೆ," ಅತ್ತಿಗೆ ಹೇಳುತ್ತಿದ್ದಳು. "ಸ್ಕೂಲ್ ಮೀಟಿಂಗಲ್ಲಿ ಟೀಚರ್ರೇ ಹೇಳಿದ್ರು. ನಾಲ್ಕೂರು ಓಡಾಡಿದ ಮಕ್ಕಳ ಮಾತೇ ಬೇರೆ, ಬುದ್ಧೀನೇ ಬೇರೆ ಅಂತ. ಮನೇಲೇ ಕೂಡ್ಹಾಕಿದ್ರೆ ಬಾವಿಯೊಳಗಿನ ಕಪ್ಪೆ ಥರ ಆಗ್ಬಿಡ್ತವೆ."

ಕಪ್ಪೆ ಎನ್ನುವಾಗ ಆಕೆಯ ಕಣ್ಣು ಕಡ್ಡಿಯ ಮೇಲೆ ಬಿತ್ತು. ಬೇಕೆಂದೇ ಬಿತ್ತೋ, ತಾನಾಗಿ ಬಿತ್ತೋ, ಬಿದ್ದದ್ದಂತೂ ಬಿತ್ತು.

"ಅದಕ್ಕೇ ಅಂದ್ಕೊಂಡ್ವಿ, ಈ ಸಲ ಕಡ್ಡೀನೂ ಕರ್ಕೊಂಡು ಹೋಗೋಣ ಅಂತ. ಬೇಬಿಗೂ ಜೊತೆ ಆಗುತ್ತೆ. ಅಲ್ವೇನ್ರೀ?"

ಆಫೀಸರು ತಲೆಯಾಡಿಸಿದ. ಕಡ್ಡಿ ನಿಂತಲ್ಲೇ ಕಲ್ಲಾದಳು. ಅವಳು ಮೊದಲು ನೋಡಿದ್ದು ದೊಡ್ಡಪ್ಪನ ಮುಖವನ್ನು. ಅಪ್ಪನ ಮುಖವನ್ನು ನೋಡಿದ್ದು ಆಮೇಲೆ. ಅಷ್ಟೇ ಸಾಕಾಯಿತು.

"ಬೇಡ," ಎಂದ ಮೇಸ್ತ್ರಿ. "ಅವಳಿಗೆ ಬಸ್ಸಲ್ಲಿ ವಾಂತಿ ಆಗುತ್ತೆ."

ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯೋ, ವಾಂತಿ ಆಗೋಕೆ ಅವಳು ಯಾವಾಗ ಬಸ್ ಹತ್ತಿದ್ಲು?"

ಆ ನಗು ಆಕೆ ಹೋದ ಮೇಲೂ ಮನೆಯಿಂದ ಹೋಗಲಿಲ್ಲ.

ಬಾಗಿಲು ಮುಚ್ಚಿದ್ದೇ ತಡ, ಹೆಂಡತಿ ಲೋಟಗಳನ್ನು ತೊಳೆಯುವ ಕಲ್ಲಿಗೆ ಕುಕ್ಕಿದಳು. "ನೀವು ಕರ್ಕೊಂಡು ಹೋಗಲ್ಲ. ಕರ್ಕೊಂಡು ಹೋಗೋರಿಗೂ ಬಿಡಲ್ಲ. ಹುಲ್ಲಿನ ಮೇಲೆ ಮಲಗಿದ ನಾಯಿ ಥರ ಆಡ್ತೀರಲ್ರೀ..."

"ಅವಳ ಎದುರಿಗೆ ಕೈಕಟ್ಟಿ ನಿಂತ್ಕೊಳೋದು ನಿನಗೆ ಚೆನ್ನಾಗಿರುತ್ತೆ."

"ನನ್ನ ಅಕ್ಕನ ಎದುರಿಗೆ ನಾನು ನಿಂತ್ಕೋತೀನಿ. ನನಗೇನು ಹೊಟ್ಟೆ ಉರಿಯಲ್ಲ ಅಂದ್ಕೊಂಡ್ರಾ? ಒಂದೇ ಹೊಟ್ಟೇಲಿ ಹುಟ್ಟಿದೋಳು. ಅವಳ ಫೋಟೋ ನೋಡ್ವಾಗ ನನ್ನ ಒಳಗೂ ಕೊತಕೊತ ಅನ್ನುತ್ತೆ. ಆದ್ರೆ ನನ್ನ ಉರಿಗೆ ನಾನು ಮಗೂನ ಸೌದೆ ಮಾಡಲ್ಲ."

ಲೋಕಕ್ಕೆ ರಜೆ ಬಂದಾಗಲೇ ಅವನಿಗೆ ಕೆಲಸ. ಶಾಲೆಗಳು ಮುಚ್ಚುವ ವಾರ ಊರಿನ ಅಟ್ಟಗಳ ಮೇಲಿದ್ದ ಪೆಟ್ಟಿಗೆಗಳೆಲ್ಲ ಧೂಳು ಕೊಡವಿಕೊಂಡು ಇಳಿದು ಬರುತ್ತವೆ. ಅಯ್ಯೋ ಮೇಸ್ತ್ರಿ ನಾಳೆ ಬಸ್ಸು, ಅಯ್ಯೋ ಮೇಸ್ತ್ರಿ ಇವತ್ತೇ ಬೇಕು. ಶಾಲೆ ತೆರೆದ ಮೇಲೆ ಅವನ ಕೈ ಖಾಲಿ. ಆಗ ಮಗಳು ಶಾಲೆಯ ಬೆಂಚಿನ ಮೇಲೆ. ಹದಿನಾರು ವರ್ಷ ಊರಿನ ಅರ್ಧ ಜನರನ್ನು ಸಮುದ್ರಕ್ಕೆ, ಬೆಟ್ಟಕ್ಕೆ ಉರುಳಿಸಿಕೊಂಡು ಹೋಗುವಂತೆ ಮಾಡಿದವನಿಗೆ ಆ ಮೆಟ್ಟಿಲ ನೆರಳು ಬಿಟ್ಟು ಆಚೆ ಹೋಗಲು ಪುರುಸೊತ್ತಿಲ್ಲ. ಮಕ್ಕಳಿಗೆ ಪ್ರಪಂಚ ತೋರಿಸಿ, ಬುದ್ಧಿ ಬೆಳೆಯುತ್ತದೆ ಎಂದು ಮೀಟಿಂಗಿನಲ್ಲಿ ಹೇಳುವ ಟೀಚರಮ್ಮ, ಆ ಪ್ರಪಂಚಕ್ಕೆ ಹೋಗುವವರ ಚಕ್ರ ಯಾರು ಹಾಕಬೇಕು ಎಂದೂ ಹೇಳಬೇಕಿತ್ತು. ಹೇಳಲಿಲ್ಲ. ಯಾರೂ ಹೇಳುವುದಿಲ್ಲ.

ಕಡ್ಡಿ ಮಾತ್ರ ಅಟ್ಟದ ಏಣಿಯ ಕೆಳಗೆ ಕೂತು ತನ್ನ ಬಾಟಲಿಯನ್ನು ಅಲ್ಲಾಡಿಸುತ್ತಿದ್ದಳು. ಔಷಧದ ಹಳೆಯ ಬಾಟಲಿ, ಅದರ ತುಂಬ ಮರಳು. ಸಮುದ್ರಕ್ಕೆ ಹೋಗಿಬಂದ ಪೆಟ್ಟಿಗೆಗಳನ್ನು ಅಪ್ಪ ಬಿಚ್ಚಿದಾಗ ಒಳಗಿನ ಬಟ್ಟೆಯ ಮೂಲೆಯಲ್ಲಿ ಚಿಟಿಕೆ ಚಿಟಿಕೆ ಮರಳು ಸಿಗುತ್ತಿತ್ತು. ಕೆಲವು ಬಿಳಿ, ಕೆಲವು ಕಂದು, ಒಂದು ಪದರ ಕಪ್ಪು. ಸಂಜೆ ಶಾಲೆ ಬಿಟ್ಟು ಗೂಡಂಗಡಿಗೆ ಬಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಗುಡಿಸಿ ಗುಡಿಸಿ ಮೂರು ವರ್ಷದಲ್ಲಿ ತುಂಬಿಸಿದ್ದು. ಸಮುದ್ರವನ್ನೇ ಕಾಣದ ಹುಡುಗಿಯ ಹತ್ತಿರ ಎಷ್ಟೋ ಸಮುದ್ರಗಳ ದಂಡೆಯಿತ್ತು.

ಸೋಮವಾರ ಮೇಸ್ತ್ರಿ ನೀಲಿ ಸೂಟ್‌ಕೇಸನ್ನು ಗೂಡಂಗಡಿಯ ಹಲಗೆಯ ಮೇಲೆ ಬೋರಲು ಹಾಕಿದ. ಹೊಸ ಚಕ್ರ ಕೂರಿಸಿದ, ಅದರ ನಡುವೆ ಕಬ್ಬಿಣದ ಅಚ್ಚು ತೂರಿಸಿದ. ಅಚ್ಚು ಜಾರಿ ಹೊರಬರದ ಹಾಗೆ ಅದರ ತುದಿಯ ತೂತಿಗೊಂದು ಎರಡು ಕಿವಿಯ ಪಿನ್ನು ಹಾಕಬೇಕು; ಹಾಕಿ ಎರಡೂ ಕಿವಿಗಳನ್ನು ಆಚೆ ಈಚೆ ತಿರುಚಿ, ಸುತ್ತಿಗೆಯಲ್ಲಿ ಎರಡು ಏಟು ಕೊಡಬೇಕು. ಇದಕ್ಕೆ ಅವನು ಕಿವಿ ಹಿಂಡುವುದು ಎನ್ನುತ್ತಿದ್ದ. "ಕಿವಿ ಹಿಂಡದ ಪಿನ್ನು, ಬುದ್ಧಿ ಹೇಳದ ಮಗು, ಎರಡೂ ಒಂದೇ. ಯಾವಾಗ ಕೈಕೊಡ್ತವೋ ಗೊತ್ತಾಗಲ್ಲ," ಎಂದು ಕಡ್ಡಿಯ ಕಿವಿಯನ್ನು ಮೆಲ್ಲಗೆ ಹಿಂಡಿ ತೋರಿಸುತ್ತಿದ್ದ. ಹದಿನಾರು ವರ್ಷದಲ್ಲಿ ಒಂದೇ ಒಂದು ಪಿನ್ನಿಗೂ ಅವನು ಈ ಕೆಲಸ ತಪ್ಪಿಸಿರಲಿಲ್ಲ.

ಪಿನ್ನು ತೂರಿಸಿದ. ಇಕ್ಕಳ ಕೈಗೆತ್ತಿಕೊಂಡ. ಮೇಲೆ ಮೆಟ್ಟಿಲುಗಳ ಮೇಲೆ ಯಾರದೋ ಚಕ್ರಗಳು ಗಡಗಡ ಹತ್ತಿ ಹೋದವು. ಅವನಿಗೆ ಕಂಡಿತು... ದೊಡ್ಡ ಊರಿನ ಜನಜಂಗುಳಿಯ ನಡುವೆ ಆಫೀಸರ ಪೆಟ್ಟಿಗೆ ಮುಗ್ಗರಿಸುವುದು, ಆ ಇಸ್ತ್ರಿ ಷರಟು ಬೆವರಿನಲ್ಲಿ ಒದ್ದೆಯಾಗುವುದು, ಅತ್ತಿಗೆ ಗಂಡನ ಮೇಲೆ ಹರಿಹಾಯುವುದು. ಕೋಡು ಮುರಿದ ಗೂಳಿಯ ಹಾಗೆ ಅವನು ಆ ಪೆಟ್ಟಿಗೆಯನ್ನು ಎಳೆಯುವುದು. ಕಾಣುತ್ತಾ ಕಾಣುತ್ತಾ ಮೇಸ್ತ್ರಿಗೆ ತುಟಿಯಂಚಿನಲ್ಲಿ ನಗು ಬಂತು. ಇಕ್ಕಳವನ್ನು ಮತ್ತೆ ಡಬ್ಬಕ್ಕೆ ಹಾಕಿದ. ಎರಡೂ ಕಿವಿ ನೆಟ್ಟಗಿದ್ದವು. ಬುಧವಾರ ಆಫೀಸರು ಕಚೇರಿಗೆ ಹೋಗುವ ದಾರಿಯಲ್ಲಿ ಬಂದು, ಚಕ್ರವನ್ನೊಮ್ಮೆ ಕಾಲಿನಿಂದ ತಿರುಗಿಸಿ, "ಭೇಷ್," ಎಂದು ಎಳೆದುಕೊಂಡು ಹೋದ.

ಗುರುವಾರ ಮಧ್ಯಾಹ್ನ ಹೆಂಡತಿ ಗೂಡಂಗಡಿಗೆ ಬಂದಳು. ಆಕೆ ಅಲ್ಲಿಗೆ ಬರುವವಳಲ್ಲ. ಕಣ್ಣು ಕೆಂಪಗಿತ್ತು.

"ನಿಮ್ಮ ಮಗಳ ಕ್ಲಾಸಲ್ಲಿ ಗೋಡೆ ಮೇಲೆ ಒಂದು ಬೋರ್ಡ್ ಹಾಕಿದಾರಂತೆ. ನಾವು ನೋಡಿದ ಜಗತ್ತು ಅಂತ. ಎಲ್ಲ ಮಕ್ಕಳೂ ಹೋಗಿಬಂದ ಊರಿನ ಫೋಟೋ ಅಂಟಿಸ್ಬೇಕು. ನಿಮ್ಮ ಮಗಳು ಏನು ಅಂಟಿಸಿದ್ಲು ಗೊತ್ತಾ?"

ಮೇಸ್ತ್ರಿ ಸೂಜಿ ನಿಲ್ಲಿಸಿದ.

"ನೀವು ಕಿತ್ತು ಬಿಸಾಕ್ತೀರಲ್ಲ, ಪೆಟ್ಟಿಗೆ ಹಿಡಿಗೆ ಕಟ್ಟಿರೋ ಚೀಟಿ. ಯಾರದೋ ಊರಿನ ಹೆಸರಿರೋದು. ಅದನ್ನ ಅಂಟಿಸಿದಾಳೆ. ಬೇಬಿ ಎಲ್ಲರ ಮುಂದೆ ಅಂದ್ಲಂತೆ, ಇದು ಇವ್ರಪ್ಪನ ಅಂಗಡಿ ಕಸ ಅಂತ. ಕ್ಲಾಸಿಗೆ ಕ್ಲಾಸೇ ನಕ್ಕಿದೆ. ಇವಳು ಎದ್ದು ಹೋಗಿ, ಅದನ್ನ ಕಿತ್ಕೊಂಡು ಜೇಬಲ್ಲಿಟ್ಕೊಂಡು ಬಂದು ಕೂತಳಂತೆ. ಮನೇಲಿ ಒಂದು ಮಾತು ಹೇಳಿಲ್ಲ. ಪಕ್ಕದ್ಮನೆಯವರು ಹೇಳಿದ್ರು."

ಎದುರಿಗಿದ್ದ ಪೆಟ್ಟಿಗೆಯ ಹಿಡಿಗೂ ಅಂಥದ್ದೇ ಒಂದು ಚೀಟಿ ಗಾಳಿಗೆ ಅಲ್ಲಾಡುತ್ತಿತ್ತು.

"ಹೋಗ್ಲಿ," ಎಂದ ಕೊನೆಗೆ. "ನಿಮ್ಮಕ್ಕಂಗೆ ಹೇಳು. ಬರ್ತಾಳೆ ಅಂತ ಹೇಳು."

ನೀಲಿ ಸೂಟ್‌ಕೇಸು ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಹೊಟ್ಟೆಕಿಚ್ಚು ಬಲು ಚೆನ್ನಾಗಿ ಲೆಕ್ಕ ಹಾಕುತ್ತದೆ. ಅದು ಅವರ ಪೆಟ್ಟಿಗೆ, ಎಳೆಯುವವನು ಅವನು. ನನ್ನ ಮಗಳಿಗೆ ನಾನೇ ಬ್ಯಾಗು ಹೊಲಿದು ಕೊಡುತ್ತೇನೆ, ಅವನ ಫಜೀತಿಯನ್ನು ಅವಳೂ ಒಂದಿಷ್ಟು ನೋಡಲಿ. ಹೀಗೆಂದುಕೊಂಡು ಶುಕ್ರವಾರವಿಡೀ ಗಿರಾಕಿಗಳನ್ನು ಕಾಯಿಸಿ ದಪ್ಪ ಕ್ಯಾನ್ವಾಸಿನಲ್ಲಿ ಹೆಗಲಿಗೆ ಹಾಕುವ ಒಂದು ಬ್ಯಾಗು ಹೊಲಿದ. ಎರಡೆರಡು ಸಾಲು ಹೊಲಿಗೆ. ಬಾಟಲಿ ಇಡಲು ಪಕ್ಕದಲ್ಲೊಂದು ಸಣ್ಣ ಜೇಬು. ಕಡ್ಡಿ ಅದನ್ನು ಹಾಕಿಕೊಂಡು ಮನೆಯೊಳಗೇ ಬಾಗಿಲಿಂದ ಗೋಡೆಯವರೆಗೆ ಹತ್ತು ಸಲ ಪ್ರವಾಸ ಮಾಡಿದಳು.

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಫೀಸರು ನೀಲಿ ಸೂಟ್‌ಕೇಸೂ ಸೇರಿ ಎರಡು ದೊಡ್ಡ ಪೆಟ್ಟಿಗೆ ಹಿಡಿದಿದ್ದ. ಅತ್ತಿಗೆಯ ಕೈಯಲ್ಲಿ ತಿಂಡಿಯ ಬುಟ್ಟಿ. ಕಡ್ಡಿಯ ಹೆಗಲ ಮೇಲಿದ್ದ ಬ್ಯಾಗನ್ನು ನೋಡಿ ಅತ್ತಿಗೆ ಮೂಗು ಮುರಿದಳು. "ಇದೇನಿದು, ಅಂಚೆಯವನ ಚೀಲ ಥರ? ಬಟ್ಟೆಯೆಲ್ಲ ತೆಗೆದು ನೀಲಿ ಸೂಟ್‌ಕೇಸಿಗೆ ಹಾಕು. ಅದರಲ್ಲಿ ನಂದೂ ಬೇಬೀದೂ ಇದೆ, ಇನ್ನೂ ಜಾಗ ಇದೆ. ಅದನ್ನ ನೀನೇ ಎಳ್ಕೊಂಡು ಬಾ. ಬೇಬಿಗೆ ಕೈನೋವು."

ಮೇಸ್ತ್ರಿ ಹೆಂಡತಿಯ ಪಕ್ಕದಲ್ಲಿ ನಿಂತಿದ್ದ. ಸೂಟ್‌ಕೇಸಿನ ಹಿಡಿ ಆಫೀಸರ ಕೈಯಿಂದ ಕಡ್ಡಿಯ ಕೈಗೆ ಬಂದದ್ದನ್ನು ನೋಡಿದ. ಅವಳು ಅದನ್ನು ಎರಡು ಹೆಜ್ಜೆ ಎಳೆದು, ತಿರುಗಿ, ಅಪ್ಪನನ್ನು ನೋಡಿ ನಕ್ಕಳು. ಅಪ್ಪ ಹಾಕಿದ ಚಕ್ರ ಎಷ್ಟು ಚೆನ್ನಾಗಿ ಉರುಳುತ್ತೆ ನೋಡು ಎನ್ನುವ ನಗು ಅದು. ಇಕ್ಕಳ ಜೇಬಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ.

"ಒಂದ್ನಿಮಿಷ," ಎಂದ. "ಚಕ್ರ ಒಂದ್ಸಲ ನೋಡ್ತೀನಿ."

ಆಫೀಸರು ಸುತ್ತಲಿದ್ದವರಿಗೂ ಕೇಳುವ ಹಾಗೆ ನಕ್ಕ. "ಏನ್ ಮೇಸ್ತ್ರಿ, ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಒಂದು ಮಾತು ಸಾಕಿತ್ತು. ಇಲ್ಲ ಎಂದಿದ್ದರೂ, ಮರೆತೆ ಎಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು. ಆದರೆ ಆ ನಗುವಿನ ಎದುರು ಮೊಣಕಾಲೂರಿ ಆ ಪೆಟ್ಟಿಗೆಯ ಕಾಲ ಬುಡದಲ್ಲಿ ಕೂರಬೇಕಲ್ಲ... "ಇದೆ," ಎಂದ. ಬಸ್ಸು ಹೊರಟಿತು. ಕಿಟಕಿಯಿಂದ ಕಡ್ಡಿಯ ಕೈಯೊಂದು ಕಡ್ಡಿಯ ಹಾಗೆಯೇ ಹೊರಬಂದು ಅಲ್ಲಾಡಿತು. "ಚೆನ್ನಾಗಿ ನೋಡ್ಕೊಂಡು ಬಾ, ಮಗಳೇ," ಎಂದು ಹೆಂಡತಿ ಅಳುತ್ತಾ ನಗುತ್ತಾ ಕೂಗಿದಳು. ಅವನು ಕೈಯೆತ್ತಲಿಲ್ಲ. ಕೈ ಜೇಬಿನಲ್ಲಿ ಇಕ್ಕಳವನ್ನು ಹಿಡಿದುಕೊಂಡಿತ್ತು.

ಆ ನಾಲ್ಕು ದಿನ ಮೇಸ್ತ್ರಿ ಗಿರಾಕಿಗಳ ಪೆಟ್ಟಿಗೆಗಳ ಮೇಲೆ ಮುಗಿಬಿದ್ದು ಕೆಲಸ ಮಾಡಿದ. ಹಾಕಿದ ಪಿನ್ನಿನ ಕಿವಿಯನ್ನು ಎರಡೆರಡು ಸಲ ಹಿಂಡಿದ. ಅತ್ತಿಗೆ ಫೋಟೋ ಕಳಿಸುತ್ತಿದ್ದಳು. ಹೆಂಡತಿ ಮೊಬೈಲು ತಂದು ಹಿಡಿದರೆ, ಅವನು ಮಗಳ ಮುಖವನ್ನು ನೋಡುತ್ತಿರಲಿಲ್ಲ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಅಂಚು ಮೂಲೆಯಲ್ಲೆಲ್ಲ ನೀಲಿ ಬಣ್ಣವನ್ನು ಹುಡುಕುತ್ತಿದ್ದ. ಮೊದಲ ಫೋಟೋದಲ್ಲಿ, ಬಸ್ಸಿನ ಬಾಗಿಲಲ್ಲಿ, ಅದು ನಾಲ್ಕೂ ಚಕ್ರದ ಮೇಲೆ ನಿಂತಿತ್ತು. ಆಮೇಲೆ ಯಾವುದರಲ್ಲೂ ಇಲ್ಲ.

"ಅದೇನ್ರೀ ಹುಡುಕ್ತೀರಿ? ಸಮುದ್ರ ನೋಡಿ, ಮಗು ಎಷ್ಟು ಖುಷಿಯಾಗಿದಾಳೆ ನೋಡಿ."

ನೋಡಿದ. ಕಡ್ಡಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದಳು. ಇಂಥ ಮುಖವನ್ನು ಅವನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅಗಲ ಕಣ್ಣು, ಬಾಯಿ ತುಂಬ ಗಾಳಿ. ಅವಳ ಪಕ್ಕದಲ್ಲಿ ಪ್ಯಾಂಟು ಮಡಚಿಕೊಂಡು ನಿಂತಿದ್ದವನು ದೊಡ್ಡಪ್ಪ. ಆ ಮುಖ ಮೊದಲು ಅರಳಿದ್ದನ್ನು ಕಂಡವನು ಅವನು, ತಾನಲ್ಲ. ಭಯದ ನಡುವೆಯೂ ಆ ಹಳೆಯ ಉರಿ ಮತ್ತೆ ಎದ್ದಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಆಮೇಲೆ ಕಂಡಿತು, ಕಡ್ಡಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಮುಂದಿನ ಫೋಟೋದಲ್ಲೂ ಬೆನ್ನ ಹಿಂದೆ. ಅರಮನೆಯ ಬಾಗಿಲಲ್ಲೂ ಬೆನ್ನ ಹಿಂದೆ.

ಬುಧವಾರ ಮಧ್ಯಾಹ್ನ ಅವರು ನೇರ ಮೇಸ್ತ್ರಿಯ ಮನೆಗೇ ಬಂದರು. ಆಫೀಸರು ನೀಲಿ ಸೂಟ್‌ಕೇಸನ್ನು ಎತ್ತಿ ತಂದು ನಡುಮನೆಯಲ್ಲಿ ಇಟ್ಟ. ಅದು ಮೊದಲು ರಿಪೇರಿಗೆ ಬಂದಾಗಿನ ಹಾಗೆಯೇ ಪಕ್ಕಕ್ಕೆ ವಾಲಿ ನಿಂತಿತು. ಒಂದು ಮೂಲೆ ಒಡೆದು ಬಾಯಿ ಬಿಟ್ಟಿತ್ತು. ಕಡ್ಡಿ ಬಾಗಿಲ ಪಕ್ಕಕ್ಕೆ ನಿಂತಳು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ನಿಮ್ಮ ಮಗಳನ್ನ ಕರ್ಕೊಂಡು ಹೋಗಿದ್ದಕ್ಕೆ ಒಳ್ಳೇ ಉಡುಗೊರೆ ಸಿಕ್ತು," ಅತ್ತಿಗೆ ಕೂರಲೂ ಇಲ್ಲ. "ಇಳಿದ ಮೊದಲ್ನೇ ದಿನಾನೇ ಮೆಟ್ಟಿಲ ಮೇಲೆ ದಡದಡ ಎಳೆದು ಚಕ್ರ ಕಿತ್ತಳು. ಪೆಟ್ಟಿಗೆ ಉರುಳಿ, ಇವಳ ಬೆರಳು ಜಜ್ಜಿ, ಪೆಟ್ಟಿಗೆ ಬಾಯಿ ಬಿಟ್ಟು, ನನ್ನ ಒಳಬಟ್ಟೆಯೆಲ್ಲ ಜನರ ಕಾಲಡಿ. ಆಮೇಲೆ ಅದನ್ನ ತಲೆ ಮೇಲೆ ಹೊತ್ಕೊಂಡ್ಲು. ಹೋದ ಊರಲ್ಲೆಲ್ಲ ಅದೇ. ಇವ್ರು ಕೊಡು ಅಂದ್ರೂ ಕೊಡ್ಲಿಲ್ಲ. ನೋಡಿದೋರು ಏನಂದ್ಕೊಂಡ್ರೋ, ಕೆಲಸದೋಳನ್ನ ಕರ್ಕೊಂಡು ಬಂದಿದಾರೆ ಅಂದ್ಕೊಂಡ್ರೋ ಏನೋ. ಮಾನ ಹೋಯ್ತು."

"ಹೋಗ್ಲಿ ಬಿಡೇ," ಎಂದ ಆಫೀಸರು.

"ಏನು ಹೋಗ್ಲಿ? ಮಕ್ಕಳಿಗೆ ಊರು ತೋರಿಸಿದ್ರೆ ಸಾಲದು, ಊರಿಗೆ ಹೋಗೋ ಯೋಗ್ಯತೆಯೂ ಇರ್ಬೇಕು."

ಹೆಂಡತಿ ಮಗಳ ಬೆರಳನ್ನು ಹಿಡಿದುಕೊಂಡಿದ್ದಳು. "ಹೌದೇನೇ? ನೀನೇ ಎಳೆದ್ಯಾ?"

"ಹೂಂ," ಎಂದಳು ಕಡ್ಡಿ. ತಲೆಯೆತ್ತಲಿಲ್ಲ. "ನಾನೇ ಜೋರಾಗಿ ಎಳೆದೆ. ನಂದೇ ತಪ್ಪು."

ಮೇಸ್ತ್ರಿ ಮೆಲ್ಲಗೆ ಕೇಳಿದ. "ಎಷ್ಟು ಮೆಟ್ಟಿಲು ಇತ್ತು, ಕಡ್ಡಿ?"

"ತುಂಬ."

ಕಿವಿ ಹಿಂಡಿದ ಪಿನ್ನಿಗೆ ನೂರು ಮೆಟ್ಟಿಲು ಒಂದು ಲೆಕ್ಕವಲ್ಲ. ಇದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬನು ಅಪ್ಪ. ಇನ್ನೊಬ್ಬಳು, ತಲೆ ತಗ್ಗಿಸಿ ನಿಂತಿದ್ದಳು.

ಕ್ಯಾನ್ವಾಸ್ ಬ್ಯಾಗು ಅವಳ ಹೆಗಲಿಂದ ಜಾರಿ ನೆಲಕ್ಕೆ ಬಂತು. ಪಕ್ಕದ ಜೇಬಿನಿಂದ ಬಾಟಲಿ ಹೊರಬಂದು ಸಿಮೆಂಟು ನೆಲದ ಮೇಲೆ ಉರುಳುತ್ತಾ ಮೇಸ್ತ್ರಿಯ ಕಾಲಿಗೆ ತಾಗಿ ನಿಂತಿತು. ಅವನು ಬಗ್ಗಿ ಎತ್ತಿದ. ಹಗುರವಾಗಿತ್ತು. ಒಳಗೆ ಒಂದು ಕಾಳು ಮರಳಿರಲಿಲ್ಲ. ಗಾಜಿನ ತಳದಲ್ಲಿ ಒಂದೇ ಒಂದು ಪಿನ್ನು ಮಲಗಿತ್ತು. ಎರಡೂ ಕಿವಿ ನೆಟ್ಟಗೆ, ಅಂಗಡಿಯ ಪೊಟ್ಟಣದಿಂದ ಈಗಷ್ಟೇ ತೆಗೆದ ಹಾಗೆ...

ಅವಳು ಆ ಜನರ ಕಾಲುಗಳ ನಡುವೆ, ಚೆಲ್ಲಿದ ಬಟ್ಟೆಗಳ ನಡುವೆ, ರಕ್ತ ಸೋರುವ ಬೆರಳಿಂದ ಇದನ್ನು ಹುಡುಕಿ ತೆಗೆದಿದ್ದಳು. ನೋಡಿದ ಕೂಡಲೇ ತಿಳಿದಿದ್ದಳು. ತಿಳಿದು, ಯಾರ ಕೈಗೂ ಸಿಗದ ಹಾಗೆ ಬಾಟಲಿಗೆ ಹಾಕಿ, ತಪ್ಪನ್ನೂ ಪೆಟ್ಟಿಗೆಯನ್ನೂ ಎರಡನ್ನೂ ತಲೆಯ ಮೇಲೆ ಹೊತ್ತಿದ್ದಳು. ದೊಡ್ಡಪ್ಪ ಕೇಳಿದರೂ ಕೊಟ್ಟಿರಲಿಲ್ಲ. ಅಪ್ಪನ ಭಾರವನ್ನು ದೊಡ್ಡಪ್ಪನ ಕೈಗೆ ಹೇಗೆ ಕೊಟ್ಟಾಳು?

ಮೇಸ್ತ್ರಿ ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ಬೈಗುಳ ತಿಂದು ಹುಡುಗಿ ಮರೆಯುತ್ತಿದ್ದಳು. ಅಕ್ಕತಂಗಿಯರ ಹೋಗಿಬರುವಿಕೆ ಇರುತ್ತಿತ್ತು. ಮುಂದಿನ ವರ್ಷ ಬೇಬಿಗೆ ಜೊತೆ ಬೇಕೆನಿಸಿದರೆ ಇನ್ನೊಂದು ಸಮುದ್ರ, ಇನ್ನೊಂದು ಅರಮನೆ. ಮಗಳ ಪಾಲಿನ ಪ್ರಪಂಚದ ಬಾಗಿಲು ಅದೊಂದೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅವನು ಬಾಯಿ ತೆರೆದ.

"ಅವಳದ್ದೇನೂ ತಪ್ಪಿಲ್ಲ. ಪಿನ್ನಿಗೆ ನಾನು ಕಿವಿ ಹಿಂಡಿರ್ಲಿಲ್ಲ."

"ಅಂದ್ರೆ?" ಎಂದಳು ಅತ್ತಿಗೆ.

"ಹಿಂಡದೇ ಇದ್ರೆ ಅಚ್ಚು ಜಾರುತ್ತೆ. ಚಕ್ರ ಕಳಚುತ್ತೆ."

"ಮರೆತ್ರಾ ಮೇಸ್ತ್ರಿ?" ಆಫೀಸರು ಕೇಳಿದ. ದಾರಿ ಬಿಟ್ಟುಕೊಡುವ ಹಾಗೆ ಕೇಳಿದ.

"ಮರೆತಿಲ್ಲ."

"ಮತ್ತೆ?"

"ಹೊಟ್ಟೆಕಿಚ್ಚು."

ಹೆಂಡತಿ ಗಂಡನನ್ನು ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದಳು. ಆಫೀಸರು ಕುರ್ಚಿಯ ಬೆನ್ನು ಹಿಡಿದು ನಿಂತ. ಮೊದಲ ಸಲ ಆ ಮುಖದಲ್ಲಿ ನಗುವಿರಲಿಲ್ಲ.

"ಮ್ಯೂಸಿಯಮ್ಮಲ್ಲಿ ನಿಮ್ಮ ಮಗಳು ಒಂದು ಪ್ರಶ್ನೆ ಕೇಳಿದ್ಲು," ಎಂದ ನಿಧಾನವಾಗಿ. "ವಿವರ ಹೇಳೋನು ತಡಬಡಾಯಿಸಿದ. ಅಲ್ಲಿದ್ದ ಜನ ಎಲ್ಲ ತಿರುಗಿ ಇವಳನ್ನೇ ನೋಡಿದ್ರು. ನನ್ನ ಮಗಳು ಆರು ಸಲ ಪ್ರವಾಸ ಹೋಗಿದಾಳೆ. ಒಂದ್ಸಲಾನೂ ಏನೂ ಕೇಳಿಲ್ಲ. ಆವತ್ತು ನನಗೂ ಹೊಟ್ಟೆ ಉರೀತು ಮೇಸ್ತ್ರಿ. ಆದ್ರೆ ನಾನು ಯಾರ ಚಕ್ರಾನೂ ಕೀಳ್ಲಿಲ್ಲ."

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅತ್ತಿಗೆಗೆ ಈಗ ದನಿ ಬಂತು. "ಮಕ್ಕಳು ಆ ಮೆಟ್ಟಿಲಲ್ಲಿ ಉರುಳಿದ್ರೆ? ಸ್ವಂತ ಮಗಳ ಕೈಗೆ ಕೊಟ್ಟು ಕಳಿಸಿದ್ರಲ್ಲ, ನೀವೂ ಒಬ್ಬ ಅಪ್ಪನಾ? ಇನ್ನು ಈ ಹೊಸಿಲು ತುಳಿದ್ರೆ ಕೇಳಿ. ಬಾರೇ ಬೇಬಿ."

"ಅಕ್ಕಾ..." ಎಂದಳು ಹೆಂಡತಿ. ಅಕ್ಕ ತಿರುಗಿ ನೋಡಲಿಲ್ಲ. ಬೇಬಿ ಮಾತ್ರ ಬಾಗಿಲಲ್ಲಿ ಒಮ್ಮೆ ನಿಂತು, ಕಡ್ಡಿಯ ಬಟ್ಟೆ ಸುತ್ತಿದ ಬೆರಳನ್ನು ಮುಟ್ಟಿ, ಏನೂ ಹೇಳದೆ ಓಡಿದಳು. ಸೂಟ್‌ಕೇಸನ್ನು ಯಾರೂ ತೆಗೆದುಕೊಂಡು ಹೋಗಲಿಲ್ಲ.

ಹೆಂಡತಿ ಅಂದು ಅವನೊಡನೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ತಟ್ಟೆಯನ್ನು ಮುಂದಿಟ್ಟು ಒಳಗೆ ಹೋದಳು. ಇದ್ದ ಒಬ್ಬಳೇ ಅಕ್ಕನನ್ನು ಕಳೆದುಕೊಂಡವಳು ಮಾತಾಡಬೇಕೆಂದು ಕೇಳುವ ಮುಖ ಅವನಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ನೀಲಿ ಸೂಟ್‌ಕೇಸನ್ನು ಎತ್ತಿಕೊಂಡು ಗೂಡಂಗಡಿಗೆ ನಡೆದ. ಹಿಂದೆ ಕಡ್ಡಿ ಬಂದಳು, ಕರೆಯದೆಯೇ. ಅವನು ಪೆಟ್ಟಿಗೆಯನ್ನು ಬೋರಲು ಹಾಕಿದ, ಅವಳು ಚಕ್ರವನ್ನು ಹಿಡಿದುಕೊಂಡಳು. ಅಚ್ಚು ಒಳಗೆ ಹೋಯಿತು. ಪೊಟ್ಟಣದಿಂದ ಪಿನ್ನು ತೆಗೆಯಲು ಅವನು ಕೈಹಾಕಿದಾಗ ಅವಳು ಬಾಟಲಿಯನ್ನು ಅಂಗೈಗೆ ಬಗ್ಗಿಸಿ ಹಳೆಯದನ್ನೇ ಕೊಟ್ಟಳು.

"ಇದನ್ನೇ ಹಾಕು."

ಹಾಕಿದ. ಎಡಕ್ಕೊಂದು ಕಿವಿ, ಬಲಕ್ಕೊಂದು ಕಿವಿ. ಸುತ್ತಿಗೆಯಲ್ಲಿ ಒಂದು ಏಟು, ಎರಡು ಏಟು. ಕಡ್ಡಿ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಇನ್ನೊಂದು ಬಲವಾದ ಏಟು ಕೊಟ್ಟಳು.

"ಮೂರನೇದು ಯಾಕೆ?"

"ಅದು ನಿನ್ನ ಕಿವಿಗೆ."

ಅವನು ನಗಲು ಹೋದ. ಆಗಲಿಲ್ಲ. ಕಣ್ಣೊರೆಸಿಕೊಳ್ಳಲು ಎಣ್ಣೆಯ ಬಟ್ಟೆಯೇ ಕೈಗೆ ಸಿಕ್ಕಿತು. "ಸಿಟ್ಟಿದೆಯಾ ಮಗಳೇ?"

"ಇದೆ." ಸುತ್ತಿಗೆಯನ್ನು ಹಲಗೆಯ ಮೇಲಿಟ್ಟು ಹೇಳಿದಳು, "ಸಮುದ್ರದಲ್ಲಿ ನಿಂತಾಗ ಇರ್ಲಿಲ್ಲ. ಆಮೇಲೆ ಮತ್ತೆ ಬಂತು."

"ಮ್ಯೂಸಿಯಮ್ಮಲ್ಲಿ ಏನು ಕೇಳ್ದೆ?"

"ಗಾಜಿನೊಳಗೆ ಒಂದು ಮರದ ಪೆಟ್ಟಿಗೆ ಇಟ್ಟಿದ್ರು ಅಪ್ಪಾ. ಮೂಲೆಗೆಲ್ಲ ಹಿತ್ತಾಳೆ. ಮೊಳೆ ಎಲ್ಲ ಒಂದೇ ಸಾಲಲ್ಲಿ, ನೀನು ಹೊಡೀತೀಯಲ್ಲ, ಹಾಗೆ. ಚೀಟೀಲಿ ಯಾವ ರಾಜ ಅದನ್ನ ತಗೊಂಡು ಪ್ರವಾಸ ಹೋಗ್ತಿದ್ದ ಅಂತ ಬರೆದಿದ್ರು. ಮಾಡಿದ್ದು ಯಾರು ಅಂತ ಬರೆದಿರ್ಲಿಲ್ಲ. ಅದನ್ನೇ ಕೇಳ್ದೆ. ಅವ್ರಿಗೂ ಗೊತ್ತಿಲ್ಲ."

ಹೋಗದಿದ್ದರೆ ಅವಳು ಇದನ್ನು ಕೇಳುತ್ತಿರಲಿಲ್ಲ. ಇಲ್ಲಿ ಬೆಳೆಯದಿದ್ದರೂ ಕೇಳುತ್ತಿರಲಿಲ್ಲ. ಇಂಥ ಪ್ರಶ್ನೆಯನ್ನು ಶಾಲೆಯ ಆ ಬೋರ್ಡಿನ ಮೇಲೆ ಅಂಟಿಸಲು ಬರುವುದಿಲ್ಲ. ಮೇಸ್ತ್ರಿ ಚಕ್ರವನ್ನು ತಿರುಗಿಸುತ್ತಾ ಕೂತ. ಇನ್ನು ಆ ಹುಡುಗಿಯನ್ನು ಕರೆದುಕೊಂಡು ಹೋಗುವವರು ಯಾರೂ ಇಲ್ಲ ಎಂಬುದನ್ನು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಹಲಗೆಯ ಕೆಳಗೆ ರಜೆಯ ಪೆಟ್ಟಿಗೆಗಳು ಹತ್ತಾರು ಸಾಲಾಗಿ ಕಾಯುತ್ತಿದ್ದವು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕಂದು ಬಣ್ಣದ ಪೆಟ್ಟಿಗೆ ಇಟ್ಟ. ಜಿಪ್ಪು ಹೋಗಿದೆ, ಸಂಜೆಗೆ ಬೇಕು ಎಂದ. ಮೇಸ್ತ್ರಿ ಬಿಚ್ಚಿದ. ಒಳಗಿನ ಬಟ್ಟೆಯ ಮೂಲೆಯಲ್ಲಿ ಚಿಟಿಕೆ ಮರಳಿತ್ತು, ಬೆಳ್ಳಗೆ, ನುಣ್ಣಗೆ. ಅವನು ಹಲ್ಲುಜ್ಜುವ ಬ್ರಷ್ಷನ್ನು ಮಗಳತ್ತ ಚಾಚಿದ.

"ಬಾಟಲಿ ಖಾಲಿ ಆಯ್ತಲ್ಲ. ಆ ಮರಳೆಲ್ಲ ಏನ್ ಮಾಡ್ದೆ?"

"ಸಮುದ್ರಕ್ಕೇ ಹಾಕ್ಬಿಟ್ಟೆ. ಅದು ಯಾರ್ಯಾರದೋ ಅಲ್ವಾ?"

"ಮತ್ತೆ ನಿಂದು ತುಂಬ್ಕೊಂಡು ಬರೋದಲ್ವಾ?"

ಕಡ್ಡಿ ಬ್ರಷ್ಷು ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆಯ ಮೂಲೆಗೆ ಬಾಯಿಟ್ಟು ಉಫ್ ಎಂದು ಊದಿದಳು. ಬಿಳಿಯ ಮರಳು ಬೀದಿಯ ಧೂಳಿನಲ್ಲಿ ಸೇರಿಹೋಯಿತು.

"ಅಲ್ಲಿ ನೀನಿರ್ಲಿಲ್ಲ," ಎಂದಳು. ಖಾಲಿ ಬಾಟಲಿಯ ಮುಚ್ಚಳ ಬಿಗಿಮಾಡಿ ಅದನ್ನು ಇಕ್ಕಳದ ಡಬ್ಬದ ಪಕ್ಕದಲ್ಲಿ, ಅವನ ಕಣ್ಣಿಗೆ ದಿನಾ ಬೀಳುವ ಜಾಗದಲ್ಲಿ ಇಟ್ಟಳು.